ಓದುವ ಪರೀಕ್ಷೆ: ಹೇಳಿಕೆಗೆ ತಕ್ಕ ಪುರಾವೆ ಆರಿಸುವುದು ಹೇಗೆ?

ಬೆಂಗಳೂರು: ಗದ್ಯಭಾಗವನ್ನು ಓದಿ, ಕೊಟ್ಟ ಹೇಳಿಕೆಯನ್ನು ಸಮರ್ಥಿಸುವ ವಾಕ್ಯವನ್ನು ಗುರುತಿಸುವ ಪ್ರಶ್ನೆಗಳು ಅನೇಕ ವಿದ್ಯಾರ್ಥಿಗಳಿಗೆ ತೊಡಕಾಗಿವೆ. ಅಮೆರಿಕದ ಕಾಲೇಜು ಪ್ರವೇಶಕ್ಕೆ ಬಳಕೆಯಾಗುವ ಸ್ಯಾಟ್ ಪರೀಕ್ಷೆಯು 2016ರ ಮಾರ್ಚ್‌ನಲ್ಲಿ ಹೊಸ ರೂಪ ತಳೆದಾಗ ಈ ಬಗೆಯ ಪ್ರಶ್ನೆಗಳಿಗೆ ವಿಶೇಷ ಸ್ಥಾನ ದೊರೆಯಿತು. 2023ರಿಂದ ಭಾರತದಲ್ಲಿಯೂ ಈ ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಓದು ಮತ್ತು ಬರಹ ವಿಭಾಗದ 54 ಪ್ರಶ್ನೆಗಳಿಗೆ 64 ನಿಮಿಷಗಳ ಅವಧಿ. ಅಂದರೆ ಪ್ರಶ್ನೆಯೊಂದಕ್ಕೆ ಸುಮಾರು 71 ಸೆಕೆಂಡು ಮಾತ್ರ.

ನಮ್ಮ ಎಸ್ಸೆಸ್ಸೆಲ್ಸಿ ಭಾಷಾ ಪತ್ರಿಕೆಯ ಅಪಠಿತ ಗದ್ಯಭಾಗಕ್ಕೂ ಇದೇ ನಿಯಮ: ಉತ್ತರ ಕೊಟ್ಟ ಪಠ್ಯದಿಂದಲೇ ಬರಬೇಕು.

ಶ್ರೀರಾಂಪುರದ ಉದಾಹರಣೆಯನ್ನೇ ನೋಡೋಣ. ‘ಶ್ರೀರಾಂಪುರಕ್ಕೆ ಮೆಟ್ರೊ ಬಂದದ್ದು ಮೆಜೆಸ್ಟಿಕ್‌ಗಿಂತ ಮೊದಲು’ ಎಂಬುದು ಹೇಳಿಕೆ. ಇದಕ್ಕೆ ಪುರಾವೆಯಾಗಿ ನಾಲ್ಕು ವಾಕ್ಯಗಳಿವೆ ಎಂದುಕೊಳ್ಳಿ.

1. ಶ್ರೀರಾಂಪುರ ನಿಲ್ದಾಣ ಎತ್ತರಿಸಿದ ಮಾರ್ಗದಲ್ಲಿದೆ. ಮೆಜೆಸ್ಟಿಕ್ ನಿಲ್ದಾಣ ನೆಲದಡಿಯಲ್ಲಿದೆ.
2. ಶ್ರೀರಾಂಪುರ ನಿಲ್ದಾಣವು 2014ರ ಮಾರ್ಚ್ 1ರಂದು ಪ್ರಯಾಣಿಕರಿಗೆ ತೆರೆಯಿತು.
3. ಶ್ರೀರಾಂಪುರ ನಿಲ್ದಾಣವು 2014ರ ಮಾರ್ಚ್ 1ರಂದು, ಮೆಜೆಸ್ಟಿಕ್ ನಿಲ್ದಾಣವು 2016ರ ಏಪ್ರಿಲ್ 30ರಂದು ತೆರೆದವು.
4. ಹಸಿರು ಮತ್ತು ನೇರಳೆ ಮಾರ್ಗಗಳು ಮೆಜೆಸ್ಟಿಕ್‌ನಲ್ಲಿ ಸಂಧಿಸುತ್ತವೆ.

ನಾಲ್ಕೂ ನಿಜವೇ. ಆದರೆ ಹೇಳಿಕೆಯನ್ನು ಸಾಧಿಸುವುದು ಮೂರನೆಯದು ಮಾತ್ರ. ಒಂದನೆಯ ವಾಕ್ಯದಲ್ಲಿ ಎರಡೂ ನಿಲ್ದಾಣಗಳ ಹೆಸರಿದ್ದರೂ ಕಾಲದ ಮಾತಿಲ್ಲ. ನಾಲ್ಕನೆಯದು ವಿಷಯಾಂತರ. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ‘ಮೊದಲು’ ಎಂಬುದು ಹೋಲಿಕೆಯ ಮಾತು. ಅದಕ್ಕೆ ಎರಡೂ ದಿನಾಂಕಗಳು ಬೇಕು. ಬೆಂಗಳೂರಿಗರು ಮೆಜೆಸ್ಟಿಕ್‌ನ ದಿನಾಂಕವನ್ನು ನೆನಪಿನಿಂದ ತುಂಬಿಕೊಂಡಾರು. ಪರೀಕ್ಷೆಯಲ್ಲಿ ಅದಕ್ಕೆ ಆಸ್ಪದವಿಲ್ಲ.

ಆದ್ದರಿಂದ ಅನುಸರಿಸಬೇಕಾದ ಕ್ರಮ ಇಷ್ಟು: ಮೊದಲು ಹೇಳಿಕೆಯಲ್ಲಿ ಯಾರು, ಏನು, ಎಷ್ಟು, ಯಾವಾಗ ಎಂಬ ಅಂಶಗಳನ್ನು ಬಿಡಿಸಿಕೊಳ್ಳಬೇಕು. ‘ಎಲ್ಲ’, ‘ಮಾತ್ರ’, ‘ಕಾರಣದಿಂದ’, ‘ಹೆಚ್ಚು’ ಮುಂತಾದ ಪದಗಳಿಗೆ ಗೆರೆ ಎಳೆಯಬೇಕು. ಬಳಿಕ ಪ್ರತಿ ಆಯ್ಕೆಯನ್ನೂ ಒಂದೇ ಪ್ರಶ್ನೆಗೆ ಒಡ್ಡಬೇಕು: ಈ ವಾಕ್ಯವೊಂದನ್ನೇ ಓದಿದ ಅಪರಿಚಿತರು ಹೇಳಿಕೆಯನ್ನು ಒಪ್ಪುವರೇ? ಹೇಳಿಕೆಯ ಪದಗಳೇ ಮತ್ತೆ ಕಾಣಿಸಿದ ಮಾತ್ರಕ್ಕೆ ಅದು ಪುರಾವೆಯಾಗದು.

ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದಕಾರಣ ಒಪ್ಪದ ಆಯ್ಕೆಗಳನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಒಂದನ್ನು ಗುರುತಿಸುವುದೇ ಲೇಸು. ಖಾಲಿ ಬಿಡುವುದರಿಂದ ನಷ್ಟವೇ ಹೊರತು ಲಾಭವಿಲ್ಲ.