ವಿಸ್ಕಿಯ ಬದಲು ಕಿತ್ತಳೆ: ಸ್ಕಾಟ್ಲೆಂಡಿನ ಕ್ರಾನಖನ್

ಕ್ರಾನಖನ್ ಸ್ಕಾಟ್ಲೆಂಡಿನ ಸಾಂಪ್ರದಾಯಿಕ ಸಿಹಿ ಖಾದ್ಯ. ಮೂಲತಃ ಬೇಸಿಗೆಯ ಸುಗ್ಗಿಗೆ ಸೇರಿದ್ದು. ಕವಿ ರಾಬರ್ಟ್ ಬರ್ನ್ಸ್ ಅವರ ಜನ್ಮದಿನವಾದ ಜನವರಿ 25ರ ಔತಣದಲ್ಲಿಯೂ ಇದನ್ನು ಬಡಿಸುವುದುಂಟು. ಕೆನೆ, ಹುರಿದ ಓಟ್ಸ್, ಜೇನುತುಪ್ಪ, ರಾಸ್‌ಬೆರಿ ಹಣ್ಣು ಹಾಗೂ ವಿಸ್ಕಿ ಇದರ ಸಾಮಗ್ರಿಗಳು. ಹಿಂದೆ ಕ್ರೌಡಿ ಎಂಬ ಮೆತ್ತನೆಯ ಚೀಸನ್ನೂ ಬಳಸುತ್ತಿದ್ದರು.

ಮಕ್ಕಳಿಗೂ ಮದ್ಯ ಸೇವಿಸದವರಿಗೂ ಬಡಿಸುವುದಾದರೆ ವಿಸ್ಕಿಯ ಜಾಗದಲ್ಲಿ ಕಿತ್ತಳೆಯನ್ನು ಬಳಸಬಹುದು. ವಿಸ್ಕಿಯ ಘಾಟು ಇದರಲ್ಲಿ ಬಾರದು, ನಿಜ. ಆದರೆ ಜೇನಿನ ಸಿಹಿಯನ್ನು ಹದಗೊಳಿಸಲು ಕಿತ್ತಳೆಯ ಹುಳಿ ಸಾಕು.

ನಾಲ್ವರಿಗೆ 60 ಗ್ರಾಂ ತರಿ ಓಟ್ಸನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿಯಬೇಕು. ಸೀದರೆ ಕಹಿಯಾಗುವುದು. ಓಟ್ಸ್ ಪೂರ್ತಿ ತಣ್ಣಗಾಗಲೇಬೇಕು, ಬಿಸಿ ಇದ್ದರೆ ಕೆನೆ ಕರಗುತ್ತದೆ. 300 ಮಿಲಿಲೀಟರ್ ತಣ್ಣನೆಯ ಗಟ್ಟಿ ಕೆನೆಯನ್ನು ಮೆತ್ತಗೆ ನಿಲ್ಲುವಷ್ಟು ಮಾತ್ರ ಕಡೆಯಿರಿ, ಅತಿಯಾದರೆ ಬೆಣ್ಣೆಯಾದೀತು. ಅದಕ್ಕೆ ಎರಡು ದೊಡ್ಡ ಚಮಚ ಜೇನು, ಎರಡು ಚಮಚ ಕಿತ್ತಳೆ ರಸ, ತುರಿದ ಸಿಪ್ಪೆ ಸೇರಿಸಿ. 300 ಗ್ರಾಂ ರಾಸ್‌ಬೆರಿಯಲ್ಲಿ ಮೂರನೆಯ ಒಂದು ಭಾಗವನ್ನು ಕಿವುಚಿ, ಉಳಿದುದನ್ನು ಇಡಿಯಾಗಿಡಿ.

ಓಟ್ಸ್ ಕೆನೆಯಲ್ಲಿ ಬೇಗ ನೆನೆದು ಗರಿಗರಿ ಕಳೆದುಕೊಳ್ಳುವುದೇ ಈ ಖಾದ್ಯದ ತೊಡಕು. ಇದಕ್ಕೆ ಹಳೆಯ ಪದ್ಧತಿಯಲ್ಲೇ ಉಪಾಯವಿದೆ: ಎಲ್ಲವನ್ನೂ ಬೇರೆ ಬೇರೆ ಬಟ್ಟಲುಗಳಲ್ಲಿ ಮೇಜಿನ ಮೇಲಿಡುತ್ತಿದ್ದರು, ಉಣ್ಣುವವರು ತಮಗೆ ಬೇಕಾದಷ್ಟು ತಾವೇ ಬೆರೆಸಿಕೊಳ್ಳುತ್ತಿದ್ದರು. ಈಗಿನ ಗಾಜಿನ ಲೋಟದ ಪದರಗಳು ನೋಡಲು ಚೆನ್ನ, ತಿನ್ನಲು ಬಟ್ಟಲುಗಳ ಕ್ರಮವೇ ಮೇಲು. ಲೋಟದಲ್ಲೇ ಬಡಿಸುವುದಾದರೆ ಓಟ್ಸನ್ನು ಕೊನೆಯ ಗಳಿಗೆಯಲ್ಲಿ ಉದುರಿಸಿ.