ಗಾಂಧಿ ಬಜಾರಿನ ಡಿಕಾಕ್ಷನ್, ನಮ್ಮ ಕಣದ ಬೀಜ

ಹೋದ ಸಲ ಕಾಂಡಕೊರಕದ ಬಗ್ಗೆ ಬರೆದಿದ್ದೆ. ಈ ಸಲ ಗಿಡ ಬಿಟ್ಟು ಲೋಟದ ಕಡೆ ಬರ್ತೀನಿ. ಸ್ವಲ್ಪ ಉದ್ದ ಇದೆ, ಕಣದ ಕೆಲಸ ಮುಗಿಸಿಕೊಂಡು ನಿಧಾನಕ್ಕೆ ಓದಿ.

ನಮ್ಮ ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ಬೆಳೆಯೋ ಮನೆಗಳಲ್ಲಿ ಮನೆಖರ್ಚಿಗೆ ಅಂತ ಇಟ್ಟುಕೊಳ್ಳೋದು ಯಾವ ಬೀಜ ಅಂತ ನಿಮಗೇ ಗೊತ್ತು. ನೀರಲ್ಲಿ ತೇಲಿದ್ದು, ಗಿಡದ ಬುಡದಲ್ಲಿ ಹೆಕ್ಕಿದ್ದು, ಕಪ್ಪಾಗಿದ್ದು. ಅದನ್ನೇ ಹುರಿದು, ಪುಡಿ ಮಾಡಿ, ಬೆಲ್ಲದ ನೀರಲ್ಲಿ ಕುದಿಸಿ, ಬಟ್ಟೇಲಿ ಸೋಸಿ ಕುಡೀತೀವಿ. ಬೆಲ್ಲದ ಕಾಫಿ ಕೆಟ್ಟದ್ದು ಅಂತ ನಾನು ಹೇಳಲ್ಲ, ಮಳೆಗಾಲದಲ್ಲಿ ಅದಕ್ಕೆ ಸಮ ಬೇರೆ ಇಲ್ಲ. ಆದರೆ ‘ಒಳ್ಳೆ ಕಾಫಿ’ ಅಂದ ಕೂಡಲೇ ಜನ ಹೇಳೋದು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ. ಅಲ್ಲಿ ಕಾಫಿ ತೋಟ ಇಲ್ಲ. ಬೆಳೆ ನಮ್ಮದು, ಹೆಸರು ಅವರದ್ದು ಹೇಗಾಯಿತು? ಇದಕ್ಕೆ ಒಂದು ಚರಿತ್ರೆ ಇದೆ, ಅದು ನಾವು ತಿಳಿದಷ್ಟು ಹಳೇದೂ ಅಲ್ಲ.

ಬಾಬಾಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ ಕತೆ ಎಲ್ಲರಿಗೂ ಗೊತ್ತು, 17ನೇ ಶತಮಾನದ ಮಾತು ಅದು. ಅದಾದ ಮೇಲೆ ಬಹಳ ಕಾಲ ಈ ಬೆಳೆ ನಮ್ಮವರ ಹೊಟ್ಟೆಗೆ ಹೋಗಿದ್ದು ಕಮ್ಮಿ. ಬ್ರಿಟಿಷರ ಎಸ್ಟೇಟುಗಳು ಎದ್ದ ಮೇಲಂತೂ ಬೀಜ ಘಟ್ಟ ಇಳಿದು ಮಂಗಳೂರು ಬಂದರಿನಿಂದ ಹಡಗು ಹತ್ತುತ್ತಿತ್ತು. ಪೇಟೆ ಜನಕ್ಕೆ ಕಾಫಿ ಚಟ ಹತ್ತಿದಾಗ ಹಿರಿಯರಿಗೆ ಅದು ಹಿಡಿಸಲಿಲ್ಲ. ಗಾಂಧೀಜಿಯವರೂ ಕಾಫಿ, ಟೀ ಬೇಡ ಅಂದವರೇ, ತಾವೂ ಬಿಟ್ಟವರು. ಅವರ ಹೆಸರಿಟ್ಟ ಗಾಂಧಿ ಬಜಾರಿನಲ್ಲೇ ಕಾಫಿ ಪುಡಿ ಘಮ ಅಂತ ಹೊಡೆಯೋದು ನೋಡಿದರೆ ನನಗೆ ನಗು ಬರುತ್ತೆ.

1898ರ ಪ್ಲೇಗ್ ಬಂದು ಹಳೇ ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನ ಹೊರಗೆ ಬಂದರು. ಆಗ ತುಂಬಿಕೊಂಡ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲವಾದ ರಸ್ತೆ, ಸರ್ಕಾರಿ ನೌಕರರು, ಮೇಷ್ಟ್ರುಗಳು, ವಕೀಲರು. ತಿಂಗಳ ಸಂಬಳ, ಬೆಳಿಗ್ಗೆ ಗಂಟೆ ನೋಡಿ ಹೊರಡೋ ಕೆಲಸ. ಇಂಥ ಮನೆಗಳಿಗೆ ಕಾಫಿ ಹೇಳಿ ಮಾಡಿಸಿದ ಹಾಗಿತ್ತು. ಇವರನ್ನು ನಂಬಿ ಉಡುಪಿ ಕಡೆಯವರು ಹೋಟೆಲ್ ಹಾಕಿದರು. ಲಾಲ್‌ಬಾಗ್ ಹತ್ತಿರದ ಎಂ.ಟಿ.ಆರ್. 1924ರಲ್ಲಿ ಶುರುವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರದ್ದು. ಎಷ್ಟೋ ಹೋಟೆಲಿನ ಬೋರ್ಡ್ ಮೇಲೆ ಜಾತಿ ಇತ್ತು. ಹಣ್ಣು ಕುಯ್ದವರ, ಕಣದಲ್ಲಿ ಬಿಸಿಲಿಗೆ ನಿಂತು ಕೆದಕಿದವರ ಜಾತಿ ಮಾತ್ರ ಆ ಲೋಟ ಕೇಳಲಿಲ್ಲ. ಇರ್ಲಿ, ಆ ಮಾತು ಬೆಳೆಸಿದರೆ ಇನ್ನೊಂದು ಬರಹ ಆಗುತ್ತೆ.

ಈಗ ನಮಗೆ ಸಂಬಂಧಪಟ್ಟ ವಿಷಯ. ಪೇಟೆಯವರು ತಾವಾಗೇ ಕುಡಿಯೋಕೆ ಕಲಿತರು ಅನ್ನೋದು ಅರ್ಧ ನಿಜ. ಇನ್ನರ್ಧ, ಅವರಿಗೆ ಕುಡಿಸಬೇಕಾಗಿ ಬಂತು. 1930ರ ಹೊತ್ತಿಗೆ ಲೋಕದಲ್ಲೆಲ್ಲ ಬೆಲೆ ಬಿದ್ದುಹೋಗಿತ್ತು. 1935ರಲ್ಲಿ ಕಾಫಿ ಸೆಸ್ ಕಾನೂನು ಬಂತು, ಆ ಸೆಸ್ ಸಮಿತಿ 1936ರಲ್ಲಿ ಬೊಂಬಾಯಿಯಲ್ಲಿ ಮೊದಲನೇ ಇಂಡಿಯಾ ಕಾಫಿ ಹೌಸ್ ತೆಗೆಯಿತು. ಜನಕ್ಕೆ ರುಚಿ ಹತ್ತಿಸೋದೇ ಉದ್ದೇಶ. ಆಮೇಲೆ ಎರಡನೇ ಮಹಾಯುದ್ಧ ಬಂತು, ಯುರೋಪಿನ ಮಾರುಕಟ್ಟೆ ಬಂದ್. ಬೀಜ ಗೋಡೌನಲ್ಲಿ ಕೂತಿತು. ಆಗ ಮಾಡಿದ ಕಾನೂನಿನ ಹೆಸರೇ ನೋಡಿ, 1942ರ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆ. ದೇಶದ ಒಳಗೇ ಕುಡಿಯೋರನ್ನು ಹುಡುಕಿದ್ದು ಬೆಳೆಗಾರ ಉಳೀಲಿ ಅಂತ. (ಮುಂದೆ ಬೋರ್ಡ್ ಕಾಫಿ ಹೌಸುಗಳನ್ನು ಮುಚ್ಚೋಕೆ ಹೊರಟಾಗ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. 1957ರಲ್ಲಿ ಅಂಥ ಮೊದಲನೇ ಸಂಘ ಆಗಿದ್ದು ಬೆಂಗಳೂರಲ್ಲೇ.)

ಹೋಟೆಲು ಚಟ ಹತ್ತಿಸಿತು ಅಂದರೂ ರುಚಿ ಗಟ್ಟಿಯಾಗಿದ್ದು ಅಡುಗೆಮನೆಯಲ್ಲಿ. ನಮ್ಮ ಅಕ್ಕನನ್ನು ಚಾಮರಾಜಪೇಟೆಗೆ ಕೊಟ್ಟಿತ್ತು. ಹೈಸ್ಕೂಲ್ ರಜೆಯಲ್ಲಿ ಅಲ್ಲಿಗೆ ಹೋದಾಗ ಫಿಲ್ಟರ್ ಕೆಲಸ ಮಾಡೋದನ್ನು ಹತ್ತಿರದಿಂದ ನೋಡಿದ್ದು. ಎರಡು ಪಾತ್ರೆ, ಒಂದರ ಮೇಲೊಂದು. ಮೇಲಿನದರ ತಳದಲ್ಲಿ ಸಣ್ಣ ಸಣ್ಣ ತೂತು. ಒಳಗೆ ಪುಡಿ, ಪುಡಿಯ ಮೇಲೆ ಕಡ್ಡಿ ಇರೋ ತೂತಿನ ತಟ್ಟೆ, ನೋಡೋಕೆ ಪುಟ್ಟ ಕೊಡೆ ತರ. ನಾನು ಬಲ ಬಿಟ್ಟು ಅದುಮೋಕೆ ಹೋದರೆ ಅಕ್ಕ, “ಒತ್ತಬಾರದು ಕಣೋ, ಕೂರಿಸಬೇಕು” ಅಂತಿದ್ದಳು. ಆ ತಟ್ಟೆಯ ಕೆಲಸ ಹಿಂಡೋದಲ್ಲ. ನೀರು ಸುರಿದಾಗ ಪುಡಿಯಲ್ಲಿ ಹಳ್ಳ ಬೀಳದ ಹಾಗೆ, ನೀರು ಎಲ್ಲಾ ಕಡೆ ಸಮ ಹರಡಿ ಇಳಿಯೋ ಹಾಗೆ ನೋಡಿಕೊಳ್ಳೋದು. ಜಾಸ್ತಿ ಅದುಮಿದರೆ ಇಳಿಯೋದೇ ಇಲ್ಲ, ಸಡಿಲ ಬಿಟ್ಟರೆ ಸರ್ ಅಂತ ಇಳಿದು ಬಣ್ಣದ ನೀರಾಗುತ್ತೆ. ತೋಟಕ್ಕೆ ನೀರು ಬಿಡೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೇ ಸಲ ಇಳಿದದ್ದು ಗಟ್ಟಿ ಡಿಕಾಕ್ಷನ್, ಮನೆ ಯಜಮಾನರಿಗೆ, ಬಂದ ನೆಂಟರಿಗೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೇ ಡಿಕಾಕ್ಷನ್ ಮಕ್ಕಳಿಗೆ, ಕೆಲಸದವರಿಗೆ, ಎಷ್ಟೋ ಮನೆಯಲ್ಲಿ ಇಳಿಸಿದ ಹೆಂಗಸಿಗೂ ಅದೇ.

ಭಾವ ಭಾನುವಾರ ಗಾಂಧಿ ಬಜಾರಿಗೆ ಪುಡಿ ತರೋಕೆ ಕರಕೊಂಡು ಹೋಗುತ್ತಿದ್ದರು. ಒಂದು ವಾರಕ್ಕೆ ಆಗೋಷ್ಟೇ, ಕಾಲು ಕೇಜಿ. ಅಂಗಡಿಯವನು ಕಣ್ಣೆದುರೇ ಬೀಜ ಮಿಷನ್ನಿಗೆ ಹಾಕಿ ಬೀಸಿ ಕೊಡೋನು, ಪೊಟ್ಟಣ ಕೈಗೆ ಬೆಚ್ಚಗೆ ಹತ್ತೋದು. “ಎ ಅರ್ಧ, ಪಿ.ಬಿ. ಅರ್ಧ, ಚಿಕೋರಿ ಹತ್ತು ಸಾಕು” ಅಂತ ಭಾವ ಹೇಳಿದರೆ ಪಕ್ಕದವರು ಇಪ್ಪತ್ತು ಹಾಕಿ ಅನ್ನೋರು. ಎ ಅಂದರೆ ಜರಡಿಯಲ್ಲಿ ಮೇಲೆ ನಿಂತ ದಪ್ಪ ಪ್ಲಾಂಟೇಷನ್ ಅರೇಬಿಕಾ. ಪಿ.ಬಿ. ನಮ್ಮ ಪೀಬೆರಿ, ಹಣ್ಣೊಳಗೆ ಎರಡು ಬೀಜದ ಬದಲು ಒಂದೇ ಗುಂಡಗೆ ಕೂತಿರುತ್ತಲ್ಲ ಅದು. ನಾನು ಅಂಗಡಿಯವನನ್ನು ಕೇಳಿದೆ, ಇದು ಯಾವ ಊರ ಬೀಜ ಅಂತ. “ಊರು ಗೊತ್ತಿಲ್ಲ ಮರಿ, ಬೋರ್ಡಿನ ಬೀಜ” ಅಂದ.

ಅವನು ಹೇಳಿದ್ದು ಸರಿಯಾಗೇ ಇತ್ತು. ಆಗ ಪೂಲ್ ಕಾಲ. ಮನೆಖರ್ಚಿಗೆ, ಬಿತ್ತನೆಗೆ ಬಿಟ್ಟರೆ ಬೆಳೆದದ್ದೆಲ್ಲ ಬೋರ್ಡಿನ ಪೂಲಿಗೆ ಕೊಡಬೇಕು. ಅಲ್ಲಿ ಎಲ್ಲರ ಬೀಜವೂ ಗ್ರೇಡಿನ ಪ್ರಕಾರ ಬೆರೆತು, ಹರಾಜಿನಲ್ಲಿ ಪುಡಿ ವ್ಯಾಪಾರಿಗೆ ಹೋಗುತ್ತಿತ್ತು. ಬೆಳೆಗಾರನಿಗೆ ಹಣ ಒಂದೇ ಸಲ ಅಲ್ಲ, ಪಾಯಿಂಟ್ ಲೆಕ್ಕದಲ್ಲಿ, ಕಂತು ಕಂತಾಗಿ. ಪೂಲನ್ನು ಬರೀ ಬೈಯೋರೂ ಇದ್ದಾರೆ, ನಾನು ಆ ಗುಂಪಲ್ಲ. ಎರಡೆಕರೆಯವನ ಐದು ಮೂಟೆಯನ್ನೂ ಬೇಡ ಅನ್ನದೆ ತಗೊಳ್ಳೋರು ಇದ್ದರು ಅನ್ನೋದು ಸಣ್ಣ ಮಾತಲ್ಲ. ಆದರೆ ಬೀಜಕ್ಕೆ ಊರು ಇಲ್ಲದಾಯಿತು. ಬಸವನಗುಡಿಯ ಮನೆಯವರಿಗೆ ಎ ಗೊತ್ತು, ಪಿ.ಬಿ. ಗೊತ್ತು, ಅಂಗಡಿ ಹೆಸರು ಗೊತ್ತು. ಬಾಳೂರು, ಹಾನುಬಾಳು ಗೊತ್ತಿಲ್ಲ. ಹುರಿದವನಿಗೂ ಬೀಸಿದವನಿಗೂ ಹೆಸರು ಬಂತು, ಕೋತಾಸ್, ಬಾಯರ್ಸ್ ಅಂತ ಜನ ಕೇಳಿ ತಗೊಳ್ಳೋ ಹಾಗಾಯಿತು. ಅದು ಅವರ ದುಡಿಮೆ, ಅದಕ್ಕೆ ಹೊಟ್ಟೆ ಉರಿ ಇಲ್ಲ.

ಚಿಕೋರಿ ಬಗ್ಗೆ ಎರಡು ಮಾತು. ಇದು ಕಾಫಿ ಅಲ್ಲ, ಒಂದು ಗಿಡದ ಬೇರು. ಗುಜರಾತಿನ ಜಾಮ್‌ನಗರ, ಉತ್ತರ ಪ್ರದೇಶದ ಏಟಾ ಕಡೆ ಬೆಳೀತಾರೆ, ಒಣಗಿಸಿ ಹುರಿದು ಪುಡಿ ಮಾಡ್ತಾರೆ. ಅಗ್ಗ ಅಂತ ಸೇರಿಸಿದ್ದು ಹೌದು, ಆದರೆ ಫಿಲ್ಟರಿಗೆ ಅದು ಒಗ್ಗಿದ್ದಕ್ಕೆ ಬೇರೆ ಕಾರಣವೂ ಇದೆ. ಚಿಕೋರಿ ನೀರು ಹಿಡಿಯುತ್ತೆ, ಅಂಟಂಟಾಗುತ್ತೆ, ನೀರು ಇಳಿಯೋದನ್ನ ತಡೆಯುತ್ತೆ. ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಬರುತ್ತೆ, ಹಾಲು ಹಾಕಿದರೂ ಬಣ್ಣ ಬಿಡಲ್ಲ. ಹೋಟೆಲಿನವರಿಗೆ ಅದೇ ಬೇಕಿತ್ತು. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ನೂರಕ್ಕೆ 51 ಭಾಗ ಕಾಫಿ ಇದ್ದರೆ ಸಾಕು, ಉಳಿದ 49 ಚಿಕೋರಿ ಹಾಕಬಹುದು, ಪೊಟ್ಟಣದ ಮೇಲೆ ಬರೆದಿರಬೇಕು ಅಷ್ಟೆ. ನಮ್ಮೂರ ಅಂಗಡಿಯಲ್ಲಿ ಸಿಗೋ ಪ್ಯಾಕೆಟ್ಟನ್ನೇ ತಿರುಗಿಸಿ ಓದಿ. ನಾವೇ ಬೆಳೆದು, ಮಾರಿ, ವಾಪಸ್ ದುಡ್ಡು ಕೊಟ್ಟು ಬೇರಿನ ಪುಡಿ ತರ್ತಾ ಇದೀವಿ.

1992ರಿಂದ ಪೂಲ್ ಸ್ವಲ್ಪ ಸ್ವಲ್ಪ ಸಡಿಲ ಆಯಿತು, 1996ಕ್ಕೆ ಪೂರ್ತಿ ಬಿಟ್ಟರು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತು, ಹೊಸ ಶತಮಾನದ ಶುರುವಿನಲ್ಲಿ ಪಾತಾಳಕ್ಕೆ ಇಳಿಯಿತು. ಅದೆಲ್ಲ ನೀವೂ ಅನುಭವಿಸಿದ್ದೇ. ನಾನು ಹೇಳಬೇಕಾದ್ದು ಬೇರೆ. ಮಾರೋ ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆದರೂ ನಮ್ಮಲ್ಲಿ ಬಹಳ ಜನಕ್ಕೆ ನಮ್ಮ ಬೀಜದ ರುಚಿ ಗೊತ್ತಿಲ್ಲ. ವ್ಯಾಪಾರಿ ಬರ್ತಾನೆ, ತೇವ ನೋಡ್ತಾನೆ, ಔಟ್ ಟರ್ನ್ ನೋಡ್ತಾನೆ, 50 ಕೇಜಿ ಮೂಟೆಗೆ ರೇಟ್ ಹೇಳ್ತಾನೆ. ನಾವು ಹೂಂ ಅಂತೀವಿ. ಪಲ್ಪರ್ ಮಾಡಿ ತೊಳೆದ ಪಾರ್ಚ್‌ಮೆಂಟಿಗೂ, ಹಣ್ಣಿನ ಸಮೇತ ಒಣಗಿಸಿದ ಚೆರಿಗೂ ಲೋಟದಲ್ಲಿ ಏನು ವ್ಯತ್ಯಾಸ, ಹಸಿರು ಕಾಯಿ ಸೇರಿದರೆ ಹೇಗೆ ಒಗರಾಗುತ್ತೆ, ಕಣದಲ್ಲಿ ಮಳೆಗೆ ನೆನೆದ ಬೀಜ ಹೇಗೆ ಬೂಸ್ಟು ವಾಸನೆ ಹೊಡೆಯುತ್ತೆ ಅಂತ ಕುಡಿದು ನೋಡಿದವನು ಮಾತ್ರ ಚೌಕಾಸಿ ಮಾಡಬಲ್ಲ. ಇವತ್ತು ದೇಶದ ಬೆಳೆಯಲ್ಲಿ ನೂರಕ್ಕೆ 70ರಷ್ಟು ರೋಬಸ್ಟಾ. ಅದನ್ನೂ ಹಣ್ಣಾದದ್ದು ಮಾತ್ರ ಕುಯ್ದು, ತೊಳೆದು ಒಣಗಿಸಿದರೆ ಫಿಲ್ಟರಿನಲ್ಲಿ ಚಿಕೋರಿ ಮಾಡೋ ಮಂದದ ಕೆಲಸವನ್ನ ಅದೇ ಮಾಡುತ್ತೆ. ಮುಕ್ಕಾಲು ಅರೇಬಿಕಾಗೆ ಕಾಲು ರೋಬಸ್ಟಾ ಹಾಕಿ ನೋಡಿ.

ಮಾಡೋದು ಹೀಗೆ. ನಿಮ್ಮ ಒಳ್ಳೆ ಚೀಲದಿಂದಲೇ ಒಂದು ಪಾವು ಬೀಜ ತೆಗೆಯಿರಿ, ಒಂದು ಪಾವಿಗೆ ಮನೆ ಮುಳುಗಲ್ಲ. ದಪ್ಪ ಬಾಣಲೆಯಲ್ಲಿ ಕೈ ಬಿಡದೆ ಹುರಿಯಿರಿ. ಹನ್ನೆರಡು ಹದಿನೈದು ನಿಮಿಷಕ್ಕೆ ಚಟಪಟ ಸದ್ದು ಬರುತ್ತೆ, ಅದು ನಿಂತು ಬೀಜ ಕಡು ಕಂದು ಆದಾಗ ಇಳಿಸಿ ಮೊರದಲ್ಲಿ ಹರಡಿ ತಣ್ಣಗೆ ಮಾಡಿ. ಎಣ್ಣೆ ಬಿಟ್ಟು ಕರ್ರಗೆ ಆಗೋವರೆಗೂ ಬಿಟ್ಟರೆ ಬೀಜದ ಗುಣ ಹೋಯಿತು, ಸುಟ್ಟ ರುಚಿ ಒಂದೇ ಉಳಿಯೋದು. ಒಂದು ದಿನ ಬಿಟ್ಟು ಪುಡಿ ಮಾಡಿ. ಫಿಲ್ಟರಿಗೆ 30 ಗ್ರಾಂ ಪುಡಿ, ತಟ್ಟೆ ಮೆಲ್ಲಗೆ ಕೂರಿಸಿ. ಕುದಿ ಬಂದ ನೀರನ್ನು ಇಳಿಸಿ, ಅರ್ಧ ನಿಮಿಷ ಬಿಟ್ಟು, 180 ಮಿಲಿ ಸುತ್ತಿಸಿ ಹಾಕಿ ಮುಚ್ಚಿ. ಪುಡಿ ಕುಡಿದುಕೊಂಡು ಉಳಿದದ್ದು 120 ಮಿಲಿ ಇಳಿಯುತ್ತೆ, ಹಾಲು ಬೆರೆಸಿದರೆ ನಾಲ್ಕು ಲೋಟ. ಇಳಿಯೋಕೆ ಇಪ್ಪತ್ತು ನಿಮಿಷ ಹಿಡಿಯಲಿ. ಡಿಕಾಕ್ಷನ್ನನ್ನು ಮತ್ತೆ ಒಲೆ ಮೇಲೆ ಇಡಬೇಡಿ, ಹಾಲು ಬಿಸಿ ಇದ್ದರೆ ಸಾಕು.

ಈಗ ಪೇಟೆ ಹುಡುಗರು ಗಾಜಿನ ಪ್ರೆಸ್ ತಂದಿರ್ತಾರೆ, ಫ್ರೆಂಚ್ ಪ್ರೆಸ್ ಅಂತಾರೆ. ಇಟಲಿಯ ಕಲಿಮಾನಿ ಅನ್ನೋನು ಅದಕ್ಕೆ 1929ರಲ್ಲಿ ಪೇಟೆಂಟ್ ತಗೊಂಡ. ನಮ್ಮ ಫಿಲ್ಟರಿನ ತಟ್ಟೆಯನ್ನೇ ಉದ್ದ ಕಡ್ಡಿಗೆ ಹಾಕಿದ ಹಾಗಿದೆ, ಆದರೆ ಕೆಲಸ ತಿರುಗುಮುರುಗು. ಇದರಲ್ಲಿ ಪುಡಿ ನೀರಲ್ಲೇ ನೆನೆಯಬೇಕು, ಆಮೇಲೆ ತಟ್ಟೆ ಒತ್ತಿ ಗಸಿ ತಳಕ್ಕೆ ಇಳಿಸಬೇಕು. ಪುಡಿ ದಪ್ಪ ರವೆ ತರ ಇರಲಿ, 30 ಗ್ರಾಮಿಗೆ ಅರ್ಧ ಲೀಟರ್ ನೀರು, ನಾಲ್ಕು ನಿಮಿಷ. ಅಂಗಡಿ ಚಿಕೋರಿ ಪುಡಿ ಇದಕ್ಕೆ ಆಗಲ್ಲ, ಕೆಸರಾಗುತ್ತೆ. ಬೀಜದ ಗುಣ ಪರೀಕ್ಷೆ ಮಾಡೋಕೆ ನನ್ನ ಮಟ್ಟಿಗೆ ಫಿಲ್ಟರಿಗಿಂತ ಇದೇ ಮೇಲು. ಹಾಲಿಲ್ಲದೆ, ಸಕ್ಕರೆ ಇಲ್ಲದೆ ಒಂದು ಗುಟುಕು ಕುಡಿದರೆ ಕಣದಲ್ಲಿ ಏನೇನು ನಡೆದಿತ್ತು ಅಂತ ಗೊತ್ತಾಗಿಬಿಡುತ್ತೆ.

ಬರೋ ಭಾನುವಾರ ಮಧ್ಯಾಹ್ನ ಮೇಲೆ ನಮ್ಮ ಮನೆಯಲ್ಲಿ ಇರ್ತೀನಿ. ಫಿಲ್ಟರ್ ಎರಡು, ಪ್ರೆಸ್ ಒಂದು ಇದೆ. ಹುರಿದ ಬೀಜ ಒಂದೊಂದು ಹಿಡಿ ತನ್ನಿ, ಪೊಟ್ಟಣದ ಮೇಲೆ ಅರೇಬಿಕಾನೋ ರೋಬಸ್ಟಾನೋ, ಪಾರ್ಚ್‌ಮೆಂಟೋ ಚೆರಿನೋ ಅಂತ ಬರೆದಿರಲಿ. ಹಾಲು ನಮ್ಮದು.