ಟೈಟಾನಿಕ್‌ನ ಗಾಯ: ಐತಿಹ್ಯ, ಸಾಕ್ಷ್ಯ ಮತ್ತು ಲೆಕ್ಕಾಚಾರ

ಮುಳುಗಿದ ಹಡಗುಗಳ ಸುತ್ತ ಐತಿಹ್ಯಗಳು ಬಹುಬೇಗ ಹುಟ್ಟಿಕೊಳ್ಳುತ್ತವೆ. 1912ರ ಏಪ್ರಿಲ್ 14ರ ರಾತ್ರಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ನೀರ್ಗಲ್ಲಿಗೆ ಬಡಿದ ಟೈಟಾನಿಕ್ ಕುರಿತ ಐತಿಹ್ಯಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು, ಅದರ ಮಗ್ಗುಲು 300 ಅಡಿ ಉದ್ದಕ್ಕೂ ಸೀಳಿಹೋಯಿತೆಂಬುದು. ಬೃಹತ್ ಹಡಗು ಮುಳುಗಬೇಕಾದರೆ ಗಾಯವೂ ಬೃಹತ್ತಾಗಿರಲೇಬೇಕೆಂಬ ಜನಮನದ ತರ್ಕ ಇದರ ಹಿಂದಿದೆ.

ಈ ತರ್ಕವನ್ನು ಅದೇ ವರ್ಷ ಅಂಕಿಗಳಿಂದ ಅಲ್ಲಗಳೆದವನು, ಹಡಗನ್ನು ಕಟ್ಟಿದ ಹಾರ್ಲಂಡ್ ಅಂಡ್ ವುಲ್ಫ್ ಸಂಸ್ಥೆಯ ನೌಕಾಶಿಲ್ಪಿ ಎಡ್ವರ್ಡ್ ವೈಲ್ಡಿಂಗ್. ಮೊದಲ 40 ನಿಮಿಷಗಳಲ್ಲಿ ಒಳನುಗ್ಗಿದ ನೀರಿನ ಪ್ರಮಾಣದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ರಂಧ್ರಗಳ ಒಟ್ಟು ವಿಸ್ತೀರ್ಣ ಸುಮಾರು 12 ಚದರ ಅಡಿಯೆಂದು ಬ್ರಿಟಿಷ್ ವಿಚಾರಣೆಯಲ್ಲಿ ಆತ ಸಾಕ್ಷ್ಯ ನುಡಿದನು. ಇದು ಮನೆಯ ಒಂದು ಬಾಗಿಲಿಗಿಂತಲೂ ಕಿರಿದು. ಆದರೆ ಪೆಟ್ಟು ಹಲವು ವಿಭಾಗಗಳಿಗೆ ಹರಡಿತ್ತು. ಮುಂದಿನ ನಾಲ್ಕು ವಿಭಾಗಗಳು ತುಂಬಿದರೂ ತೇಲಬಲ್ಲ ಹಡಗು ಅದಕ್ಕಿಂತ ಹೆಚ್ಚನ್ನು ತಾಳಲಾರದಾಗಿತ್ತು. 1996ರಲ್ಲಿ ಕೆಸರಿನಲ್ಲಿ ಹೂತ ಮುಂಭಾಗವನ್ನು ಧ್ವನಿತರಂಗಗಳಿಂದ ಪರೀಕ್ಷಿಸಿದಾಗ ಕಂಡದ್ದು ಒಂದು ಸೀಳಲ್ಲ, ಆರು ಸಣ್ಣ ಬಿರುಕುಗಳು. ಅವುಗಳ ಒಟ್ಟು ವಿಸ್ತೀರ್ಣ ವೈಲ್ಡಿಂಗನ ಅಂದಾಜಿಗೆ ಬಹು ಸಮೀಪವಾಗಿತ್ತು.

ಅಪಘಾತವನ್ನು ಲೆಕ್ಕದಲ್ಲಿ ಮರುಸೃಷ್ಟಿಸುವ ಕ್ರಮ ಶಾಸ್ತ್ರದ ರೂಪ ಪಡೆದದ್ದು ಬಹಳ ತಡವಾಗಿ. 1959ರಲ್ಲಿ ಮಿನೋರ್ಸ್ಕಿ, ಅಣುಶಕ್ತಿಯ ಹಡಗುಗಳ ರಿಯಾಕ್ಟರ್ ರಕ್ಷಣೆಯ ಸಲುವಾಗಿ, ನಿಜವಾದ ಡಿಕ್ಕಿಗಳ ವಿವರಗಳನ್ನು ಪರಿಶೀಲಿಸಿ, ನಜ್ಜುಗುಜ್ಜಾದ ಉಕ್ಕಿನ ಘನಗಾತ್ರಕ್ಕೂ ಅದು ಹೀರಿಕೊಂಡ ಶಕ್ತಿಗೂ ಇರುವ ಸಂಬಂಧವನ್ನು ಗುರುತಿಸಿದನು. ಪೆಟ್ಟು ತಿಂದ ಒಡಲಲ್ಲಿ ಉಳಿದ ಬಲವೆಷ್ಟು ಎಂಬುದು ಇದರ ಮುಂದಿನ ಪ್ರಶ್ನೆ.

ಟೈಟಾನಿಕ್‌ನ ವಿಷಯದಲ್ಲಿ ಈ ಎರಡನೆಯ ಪ್ರಶ್ನೆ ಮೌಖಿಕ ಸಾಕ್ಷ್ಯದ ಬೆಲೆಗೇ ಸಂಬಂಧಿಸಿದ್ದು. ಹಡಗು ಎರಡು ತುಂಡಾಯಿತೆಂದು ಬದುಕುಳಿದ ಹಲವರು ಹೇಳಿದ್ದರು. ಹದಿನೇಳರ ಹರೆಯದ ಜ್ಯಾಕ್ ಥೇಯರ್ ಅವರಲ್ಲೊಬ್ಬ. ಅಖಂಡವಾಗಿಯೇ ಮುಳುಗಿತೆಂದ ಅಧಿಕಾರಿಗಳ ಮಾತನ್ನು ನಂಬಿ ಬ್ರಿಟನ್ ಹಾಗೂ ಅಮೆರಿಕದ ಎರಡೂ ವಿಚಾರಣೆಗಳು ಆ ಹೇಳಿಕೆಗಳನ್ನು ಬದಿಗೊತ್ತಿದವು. ಅಧಿಕೃತ ಬರಹವೂ ಐತಿಹ್ಯವಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದುರ್ಲಭ. 1985ರ ಸೆಪ್ಟೆಂಬರ್ 1ರಂದು ಅವಶೇಷ ಪತ್ತೆಯಾಯಿತು. ಮುಂಭಾಗ ಮತ್ತು ಹಿಂಭಾಗಗಳು ಬೇರೆ ಬೇರೆಯಾಗಿ ಬಿದ್ದಿದ್ದವು. ಮುಂಭಾಗ ಮುಳುಗಿ ಹಿಂಭಾಗ ನೀರಿನಿಂದ ಮೇಲೆದ್ದಾಗ ಆಧಾರವಿಲ್ಲದ ಆ ಭಾರ ನಡುವಿನ ಉಕ್ಕನ್ನು ಬಗ್ಗಿಸಿ ಮುರಿಯಬಲ್ಲದೆಂಬುದನ್ನು ಆನಂತರ ಗಣಕಯಂತ್ರದ ವಿಶ್ಲೇಷಣೆಗಳೂ ತೋರಿಸಿದವು. ತಾನು ಕಂಡದ್ದನ್ನು 1940ರಲ್ಲಿ ಖಾಸಗಿಯಾಗಿ ಅಚ್ಚು ಹಾಕಿಸಿದ್ದ ಥೇಯರ್ 1945ರಲ್ಲಿಯೇ ತೀರಿಕೊಂಡಿದ್ದನು.